ದಾನವೋ ನಿಕ್ಷೇಪವೋ? : ಶ್ವಾಸಕೋಶ ಸಂಶೋಧನೆಯ ಸಮ್ಮತಿಪತ್ರದ ಭಾಷಾವಿಮರ್ಶೆ

೧

ಕಾವ್ಯದ ಮಾತನ್ನು ಪರೀಕ್ಷಿಸುವುದಕ್ಕೆ ಅಲಂಕಾರಶಾಸ್ತ್ರವುಂಟು. ಶಾಸನದ ಮಾತನ್ನು ಪರೀಕ್ಷಿಸುವುದಕ್ಕೆ ಲಿಪಿಜ್ಞಾನವೂ ಇತಿಹಾಸಜ್ಞಾನವೂ ಉಂಟು. ಆಸ್ಪತ್ರೆಯಲ್ಲಿ ರೋಗಿಯ ಮುಂದಿಟ್ಟು ರುಜು ಮಾಡಿಸಿಕೊಳ್ಳುವ ಸಮ್ಮತಿಪತ್ರವೂ ಒಂದು ಬರಹವೇ ಆಗಿದ್ದರೂ, ಅದರ ಕನ್ನಡವನ್ನು ಒರೆಗಲ್ಲಿಗೆ ಹಚ್ಚಿ ನೋಡುವ ವಾಡಿಕೆ ಪಂಡಿತರಲ್ಲಿ ಬೆಳೆದಿಲ್ಲ. ಈ ಉಪೇಕ್ಷೆಯು ಯುಕ್ತವಲ್ಲ. ಕಾವ್ಯದಲ್ಲಿ ಒಂದು ಶಬ್ದವು ಅಪಾರ್ಥಕ್ಕೆ ಎಡೆಗೊಟ್ಟರೆ ರಸಭಂಗವಾದೀತು. ಸಮ್ಮತಿಪತ್ರದಲ್ಲಿ ಎಡೆಗೊಟ್ಟರೆ ಮನುಷ್ಯನೊಬ್ಬನ ಹಕ್ಕಿಗೇ ಭಂಗ ಬರುತ್ತದೆ. ಶ್ವಾಸಕೋಶವು ನಾರುಗಟ್ಟುವ ವ್ಯಾಧಿಯ ಸಂಶೋಧನೆಗಾಗಿ ಮನುಷ್ಯರ ಶ್ವಾಸಕೋಶದ ತುಣುಕುಗಳನ್ನು ಅತಿಶೈತ್ಯದಲ್ಲಿ ಇಡುವ ಕಾರ್ಯವು ಈಗ ಲೋಕದಲ್ಲಿ ನಡೆದಿರುವುದರಿಂದ, ಅದನ್ನು ಕನ್ನಡದಲ್ಲಿ ಹೇಳುವ ಬಗೆ ಯಾವುದೆಂಬುದು ವಿಚಾರಾರ್ಹವಾಗಿದೆ.

ಮೊದಲು ವಸ್ತುಸ್ಥಿತಿಯನ್ನು ತಿಳಿಯತಕ್ಕದ್ದು. ಶ್ವಾಸಕೋಶದೊಳಗೆ ಗಾಳಿಗೂಡುಗಳೆನ್ನಿಸುವ ಕೋಟ್ಯಂತರ ಸೂಕ್ಷ್ಮವಾದ ಗುಳ್ಳೆಗಳಿವೆ. ಅವುಗಳ ಗೋಡೆ ಅತ್ಯಂತ ತೆಳುವಾದ್ದರಿಂದಲೇ ಗಾಳಿಯಲ್ಲಿರುವ ಆಮ್ಲಜನಕವು ರಕ್ತವನ್ನು ಸೇರುತ್ತದೆ. ಈ ಗೋಡೆಗೆ ಮೇಲಿಂದ ಮೇಲೆ ಪೆಟ್ಟುಬಿದ್ದು, ಮಾಯುವ ಕ್ರಿಯೆಯು ಮಿತಿಮೀರಿತೆಂದರೆ, ಕೊಲ್ಯಾಜೆನ್ ಎಂಬ ನಾರಿನಂಥ ಪ್ರೋಟೀನು ಅಲ್ಲಿ ಕೂಡಿಕೊಂಡು ಗೋಡೆ ದಪ್ಪವಾಗಿ ಗಡುಸಾಗುತ್ತದೆ. ಆಗ ಒಣಕೆಮ್ಮು, ಏದುಸಿರು, ನಾಲ್ಕು ಹೆಜ್ಜೆ ನಡೆದರೆ ನಿಂತು ಸುಧಾರಿಸಿಕೊಳ್ಳಬೇಕಾದ ಅವಸ್ಥೆ. ಹೀಗೆ ನಾರುಗಟ್ಟಿದ ಭಾಗವನ್ನು ಮೊದಲಿನ ಸ್ಥಿತಿಗೆ ತರುವ ಔಷಧವಿಲ್ಲ. ಪರ್ಫೆನಿಡೋನ್, ನಿಂಟೆಡಾನಿಬ್ ಎಂಬ ಎರಡು ಔಷಧಗಳಿಗೆ ಅಮೆರಿಕದಲ್ಲಿ ೨೦೧೪ರಲ್ಲಿ ಅನುಮತಿ ದೊರೆಯಿತು. ಅವು ರೋಗದ ನಡೆಯನ್ನು ನಿಧಾನಗೊಳಿಸುತ್ತವೆಯೇ ಹೊರತು ರೋಗವನ್ನು ಕಳೆಯುವುದಿಲ್ಲ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳಿಗೆ ಈ ವಿಷಯವು ದೂರದ್ದಲ್ಲ. ಕಾವೇರಿಯ ಕಾಲುವೆಗಳ ಪ್ರದೇಶದಲ್ಲಿ ಕಬ್ಬು, ಆಲೆಮನೆ, ಸಕ್ಕರೆ ಕಾರ್ಖಾನೆಗಳಿವೆ. ಹಿಂಡಿ ಒಟ್ಟಿದ ಕಬ್ಬಿನ ಸಿಪ್ಪೆಯು ನೆನೆದು ಬೂಷ್ಟು ಹಿಡಿದರೆ, ಅದರ ದೂಳನ್ನು ಬಹುಕಾಲ ಸೇವಿಸಿದವರಿಗೆ ಶ್ವಾಸಕೋಶದ ಉರಿಯೂತವು ಬರಬಲ್ಲುದು; ಇದನ್ನು ಬಗಾಸೋಸಿಸ್ ಎಂದು ಕರೆದು ೧೯೪೧ರಲ್ಲಿ ಅಮೆರಿಕದ ಲೂಸಿಯಾನ ಪ್ರಾಂತದಿಂದ ಮೊದಲಾಗಿ ವರ್ಣಿಸಿದರು. ಇಂಥ ಉರಿಯೂತವು ಬಿಡದೆ ಮುಂದುವರಿದರೆ ನಾರುಗಟ್ಟುವುದರಲ್ಲಿ ಮುಗಿಯಬಹುದು. ಭಾರತದ ೧೯ ನಗರಗಳ ೨೭ ಕೇಂದ್ರಗಳಲ್ಲಿ ೧೦೮೪ ರೋಗಿಗಳನ್ನು ಪರೀಕ್ಷಿಸಿ ೨೦೧೭ರಲ್ಲಿ ಪ್ರಕಟವಾದ ದಾಖಲೆಯಿಂದ, ಈ ಜಾತಿಯ ಶ್ವಾಸಕೋಶರೋಗಗಳಲ್ಲಿ ಸುಮಾರು ನೂರಕ್ಕೆ ೪೭ರಷ್ಟು ಹೀಗೆ ಉಸಿರಿನೊಡನೆ ಒಳಹೊಕ್ಕ ಹೊರವಸ್ತುಗಳ ನಿಮಿತ್ತವಾಗಿ ಉಂಟಾದವೆಂದು ವಿದಿತವಾಗುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಮುಖ್ಯವೆನಿಸಿದ, ಕಾರಣ ತಿಳಿಯದ ನಾರುವ್ಯಾಧಿಯು ಇಲ್ಲಿ ನೂರಕ್ಕೆ ೧೪ಕ್ಕೂ ಕಡಿಮೆ. ಆದಕಾರಣ ಬೇರೆ ದೇಶದವರ ಶ್ವಾಸಕೋಶವನ್ನು ನೋಡಿ ಇಲ್ಲಿಯ ರೋಗವನ್ನು ಪೂರ್ಣವಾಗಿ ತಿಳಿದೇವೆಂದು ಹೇಳಲಾಗದು. ಇಲ್ಲಿಯ ದೂಳನ್ನು ಸೇವಿಸಿದವರ ತುಣುಕೇ ಇಲ್ಲಿಯ ರೋಗಕ್ಕೆ ಸಾಕ್ಷಿ.

ಇಲಿಯ ಶ್ವಾಸಕೋಶವು ಸಾಲದೇ ಎಂದರೆ, ಸಾಲದು. ಬ್ಲಿಯೋಮೈಸಿನ್ ಎಂಬ ಔಷಧವನ್ನು ಕೊಟ್ಟು ಇಲಿಯಲ್ಲಿ ನಾರುಗಟ್ಟಿಸಿದರೆ ಅದು ಬಹುಮಟ್ಟಿಗೆ ತಾನಾಗಿಯೇ ಕರಗುತ್ತದೆ, ಮನುಷ್ಯನಲ್ಲಿ ಕರಗುವುದಿಲ್ಲ. ಆದುದರಿಂದ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಅಥವಾ ಬದಲಿ ಅಂಗವನ್ನು ಕೂಡಿಸುವಾಗ ಹೊರಬಂದ ಶ್ವಾಸಕೋಶವನ್ನು, ಒಂದು ಮಿಲಿಮೀಟರಿನ ಕಾಲುಭಾಗದಿಂದ ಅರ್ಧಭಾಗದಷ್ಟು ತೆಳುವಾದ ಬಿಲ್ಲೆಗಳಾಗಿ ಸೀಳಿ, ಪೋಷಕದ್ರವದಲ್ಲಿ ಬದುಕಿಸಿಕೊಂಡು ಅವುಗಳ ಮೇಲೆ ಔಷಧವನ್ನು ಪರೀಕ್ಷಿಸುತ್ತಾರೆ. ಹೊಸ ಬಿಲ್ಲೆ ಬಹುದಿನ ಬದುಕದು; ಶಸ್ತ್ರಚಿಕಿತ್ಸೆಯು ಸಂಶೋಧಕನ ಅನುಕೂಲವನ್ನು ನೋಡಿ ನಡೆಯುವುದೂ ಇಲ್ಲ. ಅದಕ್ಕಾಗಿ ಅತಿಶೈತ್ಯದಲ್ಲಿ ಇಡುವ ಉಪಾಯ. ಜೀವಕೋಶವನ್ನು ಹಾಗೆಯೇ ಮಂಜುಗಟ್ಟಿಸಿದರೆ ಒಳಗಿನ ನೀರು ಹರಳಾಗಿ ಕೋಶವನ್ನು ಸೀಳುತ್ತದೆ. ಗ್ಲಿಸರಿನ್ ಬೆರೆಸಿದರೆ ಕೋಶವು ಉಳಿಯುವುದೆಂದು ಪೋಲ್ಜ್, ಸ್ಮಿತ್, ಪಾರ್ಕ್ಸ್ ಎಂಬುವರು ೧೯೪೯ರಲ್ಲಿ ಕಂಡರು. ಡೈಮೀಥೈಲ್ ಸಲ್ಫಾಕ್ಸೈಡ್ ಎಂಬ ದ್ರವಕ್ಕೂ ಆ ಗುಣವುಂಟೆಂದು ಲವ್‌ಲಾಕ್ ಮತ್ತು ಬಿಷಪ್ ೧೯೫೯ರಲ್ಲಿ ತೋರಿಸಿದರು. ಈ ರಕ್ಷಕದ್ರವದಲ್ಲಿ ಅದ್ದಿ, ನಿಮಿಷಕ್ಕೆ ಸುಮಾರು ೧ ಡಿಗ್ರಿಯಂತೆ ಮೆಲ್ಲನೆ ತಣಿಸಿ, ಸೊನ್ನೆಗಿಂತ ೮೦ ಡಿಗ್ರಿ ಕೆಳಕ್ಕಿಳಿಸಿ, ಕೊನೆಗೆ ೧೯೬ ಡಿಗ್ರಿ ಕೆಳಗಿರುವ ದ್ರವನೈಟ್ರೋಜನ್ನಿನ ತಂಪಿನಲ್ಲಿ ಇಡುತ್ತಾರೆ. ಬೇಕಾದಾಗ ಮೈಬಿಸಿಯಷ್ಟು ಬೆಚ್ಚಗಿನ ನೀರಿನಲ್ಲಿ ಬೇಗನೆ ಕರಗಿಸಿದರೆ ಬಿಲ್ಲೆಯ ಕೋಶಗಳಲ್ಲಿ ಬಹುಪಾಲು ಮತ್ತೆ ಕೆಲಸಮಾಡತೊಡಗುತ್ತವೆ.

ಕನ್ನಡನಾಡಿನಲ್ಲಿ ಇದಕ್ಕೆ ಸಮೀಪವಾದ ದೃಷ್ಟಾಂತವು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ೧೯೯೫ರಲ್ಲಿ ಸ್ಥಾಪಿತವಾದ ಮಾನವ ಮೆದುಳಿನ ಭಂಡಾರ. ಅಲ್ಲಿ ಮೃತರ ಬಂಧುಗಳ ಒಪ್ಪಿಗೆಯಿಂದ ಪಡೆದ ಮೆದುಳುಗಳನ್ನು ಸಂಶೋಧನೆಗಾಗಿ ಕಾಪಾಡುತ್ತಾರೆ. ಶ್ವಾಸಕೋಶದ ಮಾತು ಅದಕ್ಕಿಂತ ಸೂಕ್ಷ್ಮವಾದುದು. ಏಕೆಂದರೆ ಇಲ್ಲಿ ಒಪ್ಪಿಗೆ ಕೊಡುವವನು ಬದುಕಿರುವ ರೋಗಿ, ಅದೂ ಉಸಿರಿಗಾಗಿ ಕಷ್ಟಪಡುತ್ತಿರುವ ರೋಗಿ.

೨

ನಿಘಂಟುಗಳಲ್ಲಿಯೂ ಪಾಠಪುಸ್ತಕಗಳಲ್ಲಿಯೂ ವೈದ್ಯವಿಷಯದ ಬರಹಗಳಲ್ಲಿಯೂ ಬಳಕೆಯಾಗಿರುವ ಮಾತುಗಳನ್ನೇ ಕೂಡಿಸಿ ಒಂದು ವಾಕ್ಯವನ್ನು ಕಟ್ಟಿದರೆ ಅದು ಹೀಗಾದೀತು: “ತಂತೂಕರಣ ಸಂಶೋಧನಾರ್ಥವಾಗಿ ನನ್ನ ಪುಪ್ಪುಸದ ಅಂಗಾಂಶವನ್ನು ಘನೀಕರಣಪೂರ್ವಕ ಸಂರಕ್ಷಿಸಲು ದಾನವಾಗಿ ನೀಡಿರುತ್ತೇನೆ.” ಇದು ಯಾವ ಒಂದು ಆಸ್ಪತ್ರೆಯ ಪತ್ರದಿಂದಲೂ ಎತ್ತಿದ್ದಲ್ಲ, ವಿಮರ್ಶೆಗೆಂದು ರಚಿಸಿದ ಉದಾಹರಣವಾಕ್ಯ. ವ್ಯಾಕರಣದೃಷ್ಟಿಯಿಂದ ಇದರಲ್ಲಿ ದೊಡ್ಡ ದೋಷವಿಲ್ಲ. ಆದರೆ ಕೃಷ್ಣರಾಜಪೇಟೆಯ ಸಂತೆಯಿಂದ ಹಿಂದಿರುಗುವ ಒಕ್ಕಲಿಗನೊಬ್ಬನು ಇದನ್ನು ಕೇಳಿದರೆ ಏನನ್ನು ತಿಳಿದಾನು? ಒಂದೊಂದು ಪದವನ್ನೂ ಬಿಡಿಸಿ ನೋಡಬೇಕು.

ಪುಪ್ಪುಸವೆಂಬುದು ಸಂಸ್ಕೃತದ ಫುಪ್ಫುಸ. ಇದಕ್ಕೆ ಪ್ರಾಚೀನತೆಯ ಗೌರವವೇನೋ ಉಂಟು. ಆದರೆ ಪ್ರಾಚೀನರಲ್ಲಿಯೇ ಅದರ ಅರ್ಥಕ್ಕೆ ಸಂದೇಹವಿತ್ತು. ಸುಶ್ರುತನು ಶಾರೀರಸ್ಥಾನದಲ್ಲಿ ಹೃದಯದ ಕೆಳಗೆ ಎಡಕ್ಕೆ ಪ್ಲೀಹವನ್ನೂ ಫುಪ್ಫುಸವನ್ನೂ, ಬಲಕ್ಕೆ ಯಕೃತ್ತನ್ನೂ ಕ್ಲೋಮವನ್ನೂ ಹೇಳುತ್ತಾನೆ. ಫುಪ್ಫುಸವು ಎಡಕ್ಕೆ ಮಾತ್ರವಿದ್ದರೆ ಬಲದ ಶ್ವಾಸಕೋಶದ ಹೆಸರೇನು? ಕ್ಲೋಮವೇ ಅದೆಂದು ಕೆಲವರು, ಶ್ವಾಸನಾಳವೆಂದು ಕೆಲವರು, ಮೇದೋಜೀರಕಾಂಗವೆಂದು ಮತ್ತೆ ಕೆಲವರು ಹೇಳಿದರು, ವಿವಾದವು ಮುಗಿಯಲಿಲ್ಲ. ವಿದ್ವಾಂಸರಿಗೇ ಹೀಗೆ ತೊಡಕಾದ ಶಬ್ದವನ್ನು ರೋಗಿಯ ಕೈಗೆ ಕೊಡುವುದು ಉಚಿತವಲ್ಲ. ಶ್ವಾಸಕೋಶವೆಂಬ ಪದವು ಪತ್ರಿಕೆಗಳಿಂದಲೂ ಶಾಲೆಗಳಿಂದಲೂ ಎಲ್ಲರ ಕಿವಿಗೆ ಬಿದ್ದಿದೆ, ಅದನ್ನೇ ಇಟ್ಟುಕೊಳ್ಳಬಹುದು.

ಅಂಗಾಂಶವೆಂಬುದು ಚೆನ್ನಾಗಿ ಹುಟ್ಟಿದ ಪದ. ಅಂಗದ ಅಂಶವೆಂದು ಕೇಳಿದೊಡನೆಯೇ ಹೊಳೆಯುತ್ತದೆ. ಆದರೆ ಎಷ್ಟು ಅಂಶವೆಂಬುದನ್ನು ಅದು ಹೇಳುವುದಿಲ್ಲ. ಕಾಳಿನಷ್ಟು ತುಣುಕೋ, ಶ್ವಾಸಕೋಶದ ಒಂದು ಹಾಲೆಯೋ ಎಂಬ ಭಯವು ರೋಗಿಗೆ ಸಹಜ. ಶಾಸ್ತ್ರಗ್ರಂಥದಲ್ಲಿ ಅಂಗಾಂಶವೆನ್ನಲಿ, ಸಮ್ಮತಿಪತ್ರದಲ್ಲಿ “ಇಷ್ಟು ಗಾತ್ರದ ತುಣುಕು” ಎಂದು ಅಳತೆಯೊಡನೆ ಬರೆಯಬೇಕು.

ತಂತೂಕರಣದಲ್ಲಿ ವ್ಯಾಕರಣದ ಒಂದು ಸೂಕ್ಷ್ಮವಿದೆ. ತಂತುವಲ್ಲದ್ದನ್ನು ತಂತುವಾಗಿ ಮಾಡುವುದು ತಂತೂಕರಣ. ತಂತುವಲ್ಲದ್ದು ತಾನೇ ತಂತುವಾಗುವುದು ತಂತೂಭವನ. ಮೊದಲನೆಯದರಲ್ಲಿ ಮಾಡುವವನೊಬ್ಬನಿದ್ದಾನೆ, ಎರಡನೆಯದರಲ್ಲಿ ಇಲ್ಲ. ರೋಗವನ್ನು ಯಾರೂ ಮಾಡುವುದಿಲ್ಲವಾಗಿ ತಂತೂಕರಣವೆಂಬುದು ಅಸಾಧುವಲ್ಲದಿದ್ದರೂ ಅನುಚಿತ. “ತಂತೂಕರಣ ಸಂಶೋಧನೆ” ಎಂದರೆ ರೋಗಿಯ ಎದೆಯಲ್ಲಿ ಸಂಶೋಧಕರೇ ತಂತುವನ್ನು ಉಂಟುಮಾಡುವರೆಂದು ಅರ್ಥಮಾಡಿದರೆ ತಪ್ಪು ಕೇಳಿದವನದಲ್ಲ. ಕನ್ನಡದ “ನಾರುಗಟ್ಟುವಿಕೆ”ಯಲ್ಲಿ ಈ ದೋಷವಿಲ್ಲ. ಬಲಿತ ಬೆಂಡೆಕಾಯಿ ನಾರಾಗುವುದನ್ನು ಕಾಣದ ಮನೆಯಿಲ್ಲ. ನಾಗಮಂಗಲದ ಕಡೆ ತೆಂಗಿನ ನಾರನ್ನು ಮುಟ್ಟದ ಕೈಯಿಲ್ಲ. ಮೆತ್ತಗಿದ್ದು ಹಿಗ್ಗಿ ಕುಗ್ಗುತ್ತಿದ್ದುದು ನಾರಾಗಿ ಬಿಗಿಯುವುದೆಂಬ ರೋಗದ ತತ್ತ್ವವೆಲ್ಲ ಆ ಒಂದು ಮಾತಿನಲ್ಲಿ ಅಡಗಿದೆ.

೩

ಇನ್ನು ಘನೀಕರಣದ ವಿಚಾರ. ಕಾವೇರಿಯ ತೀರದಲ್ಲಿ ನೀರು ಚಳಿಗೆ ಗಟ್ಟಿಯಾಗುವುದನ್ನು ಯಾರೂ ಕಂಡವರಲ್ಲ. ಆದುದರಿಂದ ಆ ಕ್ರಿಯೆಗೆ ಕನ್ನಡದಲ್ಲಿ ಸ್ವತಂತ್ರವಾದ ಧಾತುವು ಬೆಳೆಯಲಿಲ್ಲ. ಮಂಜು ಎಂದರೆ ಇಲ್ಲಿಯವರಿಗೆ ಮಾಗಿಯ ಮುಂಜಾನೆ ಕವಿಯುವುದೇ ಹೊರತು ಕಲ್ಲಾಗುವುದಲ್ಲ. ಗಟ್ಟಿಯಾದ ನೀರಿಗೆ ಹಳೆಯ ದೇಶ್ಯಶಬ್ದವೆಂದರೆ ಆಕಾಶದಿಂದ ಬೀಳುವ ಆಲಿಕಲ್ಲು. ಕೃತಕವಾಗಿ ಮಂಜುಗಡ್ಡೆಯನ್ನು ಮಾಡುವ ಯಂತ್ರಗಳು ಬರುವುದಕ್ಕೆ ಮೊದಲು ಅಮೆರಿಕದ ಬಾಸ್ಟನ್ನಿನಿಂದ ೧೮೩೩ರಲ್ಲಿ ಹಡಗಿನಲ್ಲಿ ಗಡ್ಡೆಗಳು ಕಲ್ಕತ್ತೆಗೆ ಬಂದವೆಂಬುದನ್ನು ನೆನೆದರೆ, ಈ ಅನುಭವವು ದೇಶಕ್ಕೆ ಎಷ್ಟು ಹೊಸದೆಂಬುದು ತಿಳಿಯುತ್ತದೆ. ಹೀಗೆ ಶಬ್ದವಿಲ್ಲದೆಡೆಯಲ್ಲಿ ಭಾಷೆಯು ಅಡಿಗೆಮನೆಯಿಂದ ಎರವಲು ತಂದಿತು. ಹಾಲಿಗೆ ಹೆಪ್ಪು ಹಾಕಿದರೆ ಅದು ಮೊಸರಾಗಿ ಹೆಪ್ಪುಗಟ್ಟುತ್ತದೆ. ಅದರಂತೆಯೇ ನೀರು ಚಳಿಗೆ ಹೆಪ್ಪುಗಟ್ಟುತ್ತದೆಯೆಂದರು, ಗಾಯದ ರಕ್ತವೂ ಹೆಪ್ಪುಗಟ್ಟುತ್ತದೆಯೆಂದರು. ಆಸ್ಪತ್ರೆಯಲ್ಲಿ ಈ ಕಡೆಯ ಅರ್ಥವೇ ಪ್ರಬಲ. “ಶ್ವಾಸಕೋಶವನ್ನು ಹೆಪ್ಪುಗಟ್ಟಿಸುತ್ತೇವೆ” ಎಂದರೆ ಎದೆಯಲ್ಲಿ ರಕ್ತ ಹೆಪ್ಪುಗಟ್ಟಿತೆಂಬ ಅನಿಷ್ಟಾರ್ಥವೇ ಮೊದಲು ತೋರುವುದು.

ಘನೀಕರಣದಲ್ಲಿ ಬೇರೆ ದೋಷ. ಅದು ಗಟ್ಟಿಮಾಡುವುದನ್ನು ಹೇಳುತ್ತದೆ, ಚಳಿಯನ್ನು ಹೇಳುವುದಿಲ್ಲ. ಪಾಂಡವಪುರದ ಆಲೆಮನೆಯಲ್ಲಿ ಕಬ್ಬಿನ ಪಾಕವು ಅಚ್ಚಿನಲ್ಲಿ ಬೆಲ್ಲವಾಗುವುದೂ ಘನೀಭವನವೇ. ಶೀತಲೀಕರಣವೆಂದರೋ, ಅದು ಹಾಲಿನ ಡೇರಿಯಿಂದ ಹಳ್ಳಿಗರಿಗೆ ಪರಿಚಿತವಾದ ಮಾತು. ಹಾಲು ಕೆಡದಂತೆ ತಣ್ಣಗಿಡುವುದು ಅಲ್ಲಿಯ ಅರ್ಥ. ಅಲ್ಲಿ ಹಾಲು ಗಟ್ಟಿಯಾಗುವುದಿಲ್ಲ, ಒಂದೆರಡು ದಿನಕ್ಕಿಂತ ಹೆಚ್ಚು ನಿಲ್ಲುವುದೂ ಇಲ್ಲ. ಅದೇ ಮಾತಿನಿಂದ ವರ್ಷಾನುಗಟ್ಟಲೆ ಇಡುವುದನ್ನು ಸೂಚಿಸಿದರೆ ಕೇಳಿದವನು ತನ್ನ ತುಣುಕು ನಾಳೆ ನಾಡಿದ್ದು ಮುಗಿದುಹೋಗುವುದೆಂದು ನಂಬಿಯಾನು.

ಇಷ್ಟಕ್ಕೇ ತೊಡಕು ಮುಗಿಯಲಿಲ್ಲ. ಶ್ವಾಸಕೋಶದ ವೈದ್ಯದಲ್ಲಿ ಮಂಜುಗಟ್ಟಿಸುವ ಕ್ರಿಯೆಯು ಒಂದಲ್ಲ, ನಾಲ್ಕು. ಮೊದಲನೆಯದು ಕೀಳುವುದಕ್ಕಾಗಿ: ಶ್ವಾಸನಾಳದೊಳಗೆ ಇಳಿಬಿಟ್ಟ ಅತಿತಂಪಾದ ಶಲಾಕೆಯ ತುದಿಗೆ ಶ್ವಾಸಕೋಶದ ಚೂರು ಮಂಜುಗಟ್ಟಿ ಅಂಟಿಕೊಳ್ಳುತ್ತದೆ, ಅದನ್ನು ಶಲಾಕೆಯೊಡನೆಯೇ ಎಳೆದು ತೆಗೆಯುತ್ತಾರೆ. ಎರಡನೆಯದು ನೋಡುವುದಕ್ಕಾಗಿ: ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ತುಣುಕನ್ನು ಕ್ಷಿಪ್ರವಾಗಿ ಗಟ್ಟಿಮಾಡಿ, ಸೀಳಿ, ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಶಸ್ತ್ರವೈದ್ಯನಿಗೆ ಉತ್ತರ ಕೊಡುವುದು. ಮೂರನೆಯದು ಕೋಶಗಳ ಪ್ರಾಣವನ್ನು ಲೆಕ್ಕಿಸದೆ ಅವುಗಳ ರಾಸಾಯನಿಕ ದ್ರವ್ಯಗಳನ್ನು ಇದ್ದಂತೆಯೇ ನಿಲ್ಲಿಸಲು ಒಮ್ಮೆಗೇ ತಣಿಸುವುದು. ನಾಲ್ಕನೆಯದು ಮೇಲೆ ವಿವರಿಸಿದಂತೆ ರಕ್ಷಕದ್ರವದಲ್ಲಿ ಮೆಲ್ಲಗೆ ತಣಿಸಿ ಬದುಕಿಸಿ ಇಡುವುದು. ಮೊದಲೆರಡು ರೋಗಿಯ ಸ್ವಂತ ಪ್ರಯೋಜನಕ್ಕೆ; ಕಡೆಯೆರಡು ಲೋಕದ ಪ್ರಯೋಜನಕ್ಕೆ. ಮೊದಲನೆಯದರಲ್ಲಿ ರಕ್ತಸ್ರಾವವಾಗುವ, ಶ್ವಾಸಕೋಶದ ಸುತ್ತ ಗಾಳಿ ಸೇರುವ ಅಪಾಯಗಳುಂಟು. ತೆಗೆದಾದ ಮೇಲೆ ಇಡುವುದರಲ್ಲಿ ದೇಹಕ್ಕೆ ಹೊಸ ಅಪಾಯವಿಲ್ಲ. ಹೀಗೆ ಪ್ರಯೋಜನದಲ್ಲಿಯೂ ಅಪಾಯದಲ್ಲಿಯೂ ಬೇರೆಬೇರೆಯಾದ ನಾಲ್ಕು ಕ್ರಿಯೆಗಳನ್ನು “ಘನೀಕರಣ”ವೆಂಬ ಒಂದೇ ಮುಸುಕಿನಲ್ಲಿ ಸುತ್ತಿದರೆ, ಚಿಕಿತ್ಸೆಗೆಂದು ಕೊಟ್ಟ ಒಪ್ಪಿಗೆಯು ಸಂಶೋಧನೆಗೂ ಸಲ್ಲುತ್ತದೆಯೆಂಬ ಭ್ರಾಂತಿ ಹುಟ್ಟುವುದು.

ಮೂರನೆಯದಕ್ಕೂ ನಾಲ್ಕನೆಯದಕ್ಕೂ ಇರುವ ಭೇದವು ರೋಗಿಗೆ ಏಕೆ ಬೇಕೆಂದು ಕೇಳಬಹುದು. ತನ್ನ ದೇಹದ ತುಣುಕು ಸತ್ತ ವಸ್ತುವಾಗಿ ಸೀಸೆಯಲ್ಲಿರುವುದಕ್ಕೂ, ತಾನು ಇಲ್ಲವಾದ ಮೇಲೆಯೂ ಜೀವವಿಟ್ಟುಕೊಂಡು ಇರುವುದಕ್ಕೂ ಮನುಷ್ಯನ ಭಾವನೆಯಲ್ಲಿ ಬಹಳ ಅಂತರವಿದೆ. ಶ್ವಾಸಕೋಶವು ಪ್ರಾಣವಾಯುವಿನ ಸ್ಥಾನ. ಒಬ್ಬನು ಅದನ್ನು ಕೇಳಿ ಸಂತೋಷಪಟ್ಟಾನು, ಇನ್ನೊಬ್ಬನು ಅಂಜಿಯಾನು. ಯಾವುದಾದರೂ ಅವನ ಮನಸ್ಸಿಗೆ ಬಿಟ್ಟದ್ದು. ಆದರೆ ಮನಸ್ಸು ಮಾಡುವ ಮೊದಲು ವಿಷಯವು ಅವನ ಕಿವಿಗೆ ಬೀಳಬೇಕು.

೪

ಉದಾಹರಣವಾಕ್ಯದ ಪದಗಳಲ್ಲಿ ಎಲ್ಲರೂ ಬಲ್ಲ, ಯಾರೂ ಶಂಕಿಸದ ಪದವು ಒಂದೇ: ದಾನ. ವಿಚಾರಿಸಿ ನೋಡಿದರೆ ಎಲ್ಲಕ್ಕಿಂತಲೂ ಹೆಚ್ಚಿನ ಅನರ್ಥವು ಅದರಲ್ಲಿಯೇ ಇದೆ.

ಧರ್ಮಶಾಸ್ತ್ರದಲ್ಲಿ ದಾನಕ್ಕೆ ನಿಯತವಾದ ಅರ್ಥವುಂಟು. ಕೊಡುವವನು ತನ್ನ ಸ್ವಾಮ್ಯವನ್ನು ಕಳೆದುಕೊಂಡು ಪಡೆಯುವವನಿಗೆ ಸ್ವಾಮ್ಯವನ್ನು ಉಂಟುಮಾಡುವುದೇ ದಾನ. ಕೊಟ್ಟದ್ದನ್ನು ಹಿಂದಕ್ಕೆ ಕೇಳುವಂತಿಲ್ಲ. ಕೇಳಿದರೆ ದತ್ತಾಪಹಾರದ ದೋಷ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಕನ್ನಡನಾಡಿನವನೇ. ಅವನ ವ್ಯಾಖ್ಯಾನದಲ್ಲಿ ದತ್ತಾಪ್ರದಾನಿಕವೆಂಬ ಪ್ರಕರಣವು ಈ ವಿಚಾರಕ್ಕೇ ಮೀಸಲಾಗಿದೆ. ಭಯದಿಂದ, ದುಃಖದಿಂದ, ರೋಗದ ಪೀಡೆಯಿಂದ, ವಂಚನೆಯಿಂದ ಕೊಟ್ಟದ್ದು ಕೊಟ್ಟಂತೆಯೇ ಅಲ್ಲವೆಂದು ನಾರದನು ಹೇಳಿರುವನಾದರೂ, ಧರ್ಮಕಾರ್ಯಕ್ಕಾಗಿ ರೋಗಿಯು ಮಾತುಕೊಟ್ಟರೂ ಅದು ಸಲ್ಲತಕ್ಕದ್ದೆಂದೂ, ಕೊಡದೆ ಸತ್ತರೆ ಮಗನಿಂದ ಕೊಡಿಸಬೇಕೆಂದೂ ಕಾತ್ಯಾಯನನ ಮತ. ಸಂಶೋಧನೆಯನ್ನು ಧರ್ಮಕಾರ್ಯವೆಂದು ಹೊಗಳಿ, ತುಣುಕನ್ನು ದಾನವೆಂದು ಕರೆದರೆ, ಈ ಸಂಸ್ಕಾರದಲ್ಲಿ ಬೆಳೆದ ರೋಗಿಯು ತನ್ನ ಮನಸ್ಸು ತಿರುಗಿದಾಗ ಏನು ಮಾಡಿಯಾನು? “ಕೊಟ್ಟ ದಾನವನ್ನು ಕೇಳುವುದೇ?” ಎಂದು ಬಾಯಿ ಮುಚ್ಚಿಕೊಂಡಾನು. ಮನೆಯವರೂ ಹಾಗೆಯೇ.

ಈಗ ಪ್ರಚಲಿತವಾಗಿರುವ ನಿಯಮವಾದರೋ ಇದಕ್ಕೆ ವಿಪರೀತವಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ೨೦೧೭ರಲ್ಲಿ ಹೊರಡಿಸಿದ ರಾಷ್ಟ್ರೀಯ ನೀತಿಸೂತ್ರಗಳಲ್ಲಿ ಜೈವಿಕ ವಸ್ತುಗಳ ಭಂಡಾರಗಳಿಗಾಗಿಯೇ ಒಂದು ಅಧ್ಯಾಯವಿದೆ. ಅದರ ಪ್ರಕಾರ ತುಣುಕಿನ ಒಡೆತನವು ಕೊಟ್ಟವನದೇ; ಭಂಡಾರವು ಕೇವಲ ಪಾಲಕ. ಕೊಟ್ಟವನು ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಬಹುದು. ಒಪ್ಪಿಗೆಯು ಅವನಿಗೆ ತಿಳಿಯುವ ಭಾಷೆಯಲ್ಲಿರಬೇಕು. ಓದಲಾರದವನಾದರೆ ನಿಷ್ಪಕ್ಷಪಾತಿಯಾದ ಸಾಕ್ಷಿಯ ಎದುರಿಗೆ ಓದಿ ಹೇಳಬೇಕು. ಸೂತ್ರವು ಒಡೆತನವನ್ನು ಉಳಿಸಿತು. ಅನುವಾದದ ಒಂದು ಶಬ್ದವು ಅದನ್ನು ಕಸಿದುಕೊಂಡಿತು. ಇಲ್ಲಿ ಯಾರಿಗೂ ದುರುದ್ದೇಶವಿರಬೇಕಾಗಿಲ್ಲ. ಶಬ್ದದ ಸಂಸ್ಕಾರವೇ ಸಾಕು.

ಹಾ��ಾದರೆ ಸರಿಯಾದ ಶಬ್ದವಾವುದು? ಅದೇ ಯಾಜ್ಞವಲ್ಕ್ಯಸ್ಮೃತಿಯಲ್ಲಿಯೇ, ಅದೇ ವಿಜ್ಞಾನೇಶ್ವರನ ವ್ಯಾಖ್ಯಾನದಲ್ಲಿಯೇ, ಉಪನಿಧಿಪ್ರಕರಣವೆಂಬ ಇನ್ನೊಂದು ಭಾಗವಿದೆ. ಪೆಟ್ಟಿಗೆಯಲ್ಲಿಟ್ಟು ಮುದ್ರೆಯೊತ್ತಿ, ಒಳಗೇನಿದೆಯೆಂದು ಹೇಳದೆ ನಂಬಿ ಒಪ್ಪಿಸಿದ್ದು ಉಪನಿಧಿ. ಎದುರಿಗೆ ಎಣಿಸಿ ತೋರಿಸಿ ಒಪ್ಪಿಸಿದ್ದು ನಿಕ್ಷೇಪ. ಎರಡರಲ್ಲಿಯೂ ಒಡೆತನವು ಇಟ್ಟವನದೇ. ರಾಜನಿಂದಲೋ ದೈವದಿಂದಲೋ ಕಳ್ಳರಿಂದಲೋ ಹೋದರೆ ಪಾಲಕನು ತೆರಬೇಕಾಗಿಲ್ಲ. ಕೇಳಿದಾಗ ಕೊಡದೆ ಇಟ್ಟುಕೊಂಡು ಆಮೇಲೆ ಕಳೆದರೆ ತೆರಬೇಕು. ಇಟ್ಟವನ ಅನುಮತಿಯಿಲ್ಲದೆ ಸ್ವೇಚ್ಛೆಯಿಂದ ಅದನ್ನು ಬಳಸಿ ಜೀವಿಸಿದರೆ ಪಾಲಕನು ದಂಡನೆಗೆ ಅರ್ಹನು, ಬಂದ ಲಾಭವನ್ನೂ ಸೇರಿಸಿ ಕೊಡತಕ್ಕವನು. ಶ್ವಾಸಕೋಶದ ಭಂಡಾರದಲ್ಲಿ ಏಳುವ ಪ್ರಶ್ನೆಗಳೆಲ್ಲ ಇಲ್ಲಿಯೇ ಇವೆ. ವಿದ್ಯುಚ್ಛಕ್ತಿ ನಿಂತು ತುಣುಕು ಕರಗಿದರೆ ಯಾರ ಹೊಣೆ? ಕೇಳಿದ ಮೇಲೆಯೂ ಹಿಂದಿರುಗಿಸದಿದ್ದರೆ ಏನು ಗತಿ? ತುಣುಕಿನಿಂದ ಔಷಧವು ಹುಟ್ಟಿ ಹಣ ಬಂದರೆ ಪಾಲು ಯಾರಿಗೆ? ದಾನವೆಂದ ಮೇಲೆ ಇವು ಯಾವುವೂ ಪ್ರಶ್ನೆಗಳೇ ಅಲ್ಲ. ನಿಕ್ಷೇಪವೆಂದ ಕೂಡಲೆ ಎಲ್ಲವೂ ಪ್ರಶ್ನೆಗಳಾಗಿ ನಿಲ್ಲುತ್ತವೆ. ಮೇಲಾಗಿ, ಎಣಿಸಿ ತೋರಿಸಿ ಒಪ್ಪಿಸುವುದೇ ನಿಕ್ಷೇಪವಾದ್ದರಿಂದ, ಏನು, ಎಷ್ಟು, ಎಷ್ಟು ಕಾಲ, ಯಾವುದಕ್ಕೆ ಎಂಬುದನ್ನು ರೋಗಿಗೆ ತಿಳಿಸಿಯೇ ತೀರಬೇಕಾಗುತ್ತದೆ. ತಿಳಿಸದೆ ಪಡೆದ ತುಣುಕು ಹೆಚ್ಚೆಂದರೆ ಉಪನಿಧಿ. ಅಲ್ಲಿ ಪೆಟ್ಟಿಗೆಯೊಳಗಿನದು ತಿಳಿಯದವನು ಒಡೆಯನೇ ಆಗಿರುವನೆಂಬುದೊಂದು ವಿಪರ್ಯಾಸ.

ಅಂಗಾಂಗ ದಾನವೆಂಬ ಪ್ರಯೋಗವು ತಪ್ಪೇ ಎಂದರೆ, ಅಲ್ಲ. ಒಬ್ಬನ ಮೂತ್ರಪಿಂಡವು ಇನ್ನೊಬ್ಬನ ದೇಹದಲ್ಲಿ ಸೇರಿದ ಮೇಲೆ ಅದು ಅವನದೇ. ೧೯೯೪ರ ಅಂಗಾಂಗ ಕಸಿ ಶಾಸನದ ಮೇರೆಗೆ ನಡೆಯುವ ಆ ಕಾರ್ಯಕ್ಕೆ ದಾನಶಬ್ದವು ಸರ್ವಥಾ ಯುಕ್ತ. ಅಲ್ಲಿ ಯುಕ್ತವಾದುದನ್ನು ಇಲ್ಲಿಗೆ ಎಳೆತಂದುದೇ ದೋಷ.

೫

ಇಲ್ಲಿ ಮೂರು ಆಕ್ಷೇಪಗಳು ಬರಬಹುದು. ಪಾರಿಭಾಷಿಕ ಶಬ್ದಗಳು ಭರತಖಂಡದ ಭಾಷೆಗಳಿಗೆಲ್ಲ ಸಮಾನವಾಗಿರಲೆಂದು ಸಂಸ್ಕೃತದಿಂದ ಆರಿಸುವುದು ಹಿರಿಯರ ಪದ್ಧತಿ. ಅದನ್ನು ಬಿಡುವುದು ಹೇಗೆ ಎಂಬುದು ಮೊದಲನೆಯದು. ಬಿಡಬೇಕಾಗಿಲ್ಲ. ಶಾಸ್ತ್ರಗ್ರಂಥಕ್ಕೆ ಒಂದು ಭಾಷೆ, ಸಮ್ಮತಿಪತ್ರಕ್ಕೆ ಇನ್ನೊಂದು. ಓದುಗನನ್ನು ನೋಡಿ ಮಾತನ್ನು ಆರಿಸುವುದು ಈ ನಾಡಿಗೆ ಹೊಸದಲ್ಲ. ಶ್ರೀರಂಗಪಟ್ಟಣದಲ್ಲಿ ಚಿಕದೇವರಾಜ ಒಡೆಯರ ಆಸ್ಥಾನದಲ್ಲಿದ್ದ ಚಿಕುಪಾಧ್ಯಾಯನು ಚಂಪುವಿನಲ್ಲಿಯೂ ಸಾಂಗತ್ಯದಲ್ಲಿಯೂ ಗದ್ಯದಲ್ಲಿಯೂ ಗ್ರಂಥಗಳನ್ನು ರಚಿಸಿದನು; ಅದೇ ಆಸ್ಥಾನದ ಸಂಚಿಯ ಹೊನ್ನಮ್ಮನು ಧರ್ಮಶಾಸ್ತ್ರದ ವಿಷಯವನ್ನೇ ಮನೆಮನೆಯಲ್ಲಿ ಹಾಡುವ ಸಾಂಗತ್ಯಕ್ಕೆ ಇಳಿಸಿದಳು. ಅದಕ್ಕೂ ಮೊದಲು ವಿಷವೈದ್ಯದಂಥ ಶಾಸ್ತ್ರವನ್ನು ಹದಿನಾಲ್ಕನೆಯ ಶತಮಾನದ ಮಂಗರಾಜನೂ, ಗೋವೈದ್ಯವನ್ನು ಹನ್ನೆರಡನೆಯ ಶತಮಾನದ ಕೀರ್ತಿವರ್ಮನೂ ಕನ್ನಡಕ್ಕೆ ತಂದರು. ಸಂಸ್ಕೃತದ ಉಪಕಾರವು ಉದ್ದವಾದ ಸಮಾಸದಲ್ಲಿಲ್ಲ. ದಾನನಿಕ್ಷೇಪಗಳ ಭೇದದಂಥ ವಿವೇಕದಲ್ಲಿದೆ.

ಹೀಗೆ ಎಲ್ಲವನ್ನೂ ಬಿಚ್ಚಿ ಹೇಳಿದರೆ ಜನರು ಹೆದರಿ ಒಪ್ಪಲಾರರು, ಸಂಶೋಧನೆಯು ನಿಂತುಹೋದೀತು ಎಂಬುದು ಎರಡನೆಯ ಆಕ್ಷೇಪ. ಇದರಲ್ಲಿ ನಿಜವಾದ ಚಿಂತೆಯಿದೆ. ಇಲ್ಲಿಯವರ ತುಣುಕು ಇಲ್ಲದೆ ಇಲ್ಲಿಯ ರೋಗಕ್ಕೆ ಔಷಧವನ್ನು ಹುಡುಕುವುದು ಕಷ್ಟ. ಆದರೆ ತಿಳಿಯದೆ ಒಪ್ಪಿದವನು, ಆಮೇಲೆ ತಿಳಿದು ಮುನಿದರೆ, ತಾನೊಬ್ಬನೇ ಹಿಂತೆಗೆಯುವುದಿಲ್ಲ, ಊರನ್ನೇ ಹಿಂತೆಗೆಸುತ್ತಾನೆ. ತಿಳಿದು ಒಪ್ಪಿದ ಹತ್ತು ಮಂದಿ, ತಿಳಿಯದೆ ಒಪ್ಪಿದ ನೂರು ಮಂದಿಗಿಂತ ಭಂಡಾರಕ್ಕೆ ಭದ್ರವಾದ ಆಧಾರ. ಇದಲ್ಲದೆ, ಕಷ್ಟವಾದ ಮಾತಿನಿಂದಲೂ ಜನರು ಹೆದರುತ್ತಾರೆ. ಘನೀಕರಣಕ್ಕೆ ಹೆದರುವವನು, “ನಿಮಗೆ ಬೇಕಾದ ಪರೀಕ್ಷೆ ಮುಗಿದ ಮೇಲೆ ಉಳಿದ ಚೂರನ್ನು ಇಡುತ್ತೇವೆ” ಎಂದರೆ ಹೆದರುವ ಕಾರಣವಿಲ್ಲ.

ಮೂರನೆಯದು, ಪತ್ರವು ಹೇಗಿದ್ದರೂ ವೈದ್ಯರು ಬಾಯಲ್ಲಿ ತಿಳಿಸಿಯೇ ಹೇಳುತ್ತಾರಲ್ಲವೆ ಎಂಬುದು. ಸಹೃದಯರಾದ ವೈದ್ಯರು ಹಾಗೆ ಹೇಳುವರೆಂಬುದು ನಿಶ್ಚಯ. ಆದರೆ ಬಾಯಿಮಾತು ಆ ಹೊತ್ತಿಗೆ ಮುಗಿಯುತ್ತದೆ. ಹತ್ತು ವರ್ಷದ ಮೇಲೆ ತುಣುಕಿನ ಒಡೆತನದ ಪ್ರಶ್ನೆ ಎದ್ದಾಗ ಉಳಿದಿರುವುದು ಪತ್ರವೊಂದೇ, ಅದರಲ್ಲಿರುವ ದಾನಶಬ್ದವೊಂದೇ.

೬

ದೋಷವನ್ನು ತೋರಿಸಿ ಸುಮ್ಮನಿರುವುದು ವಿಮರ್ಶೆಯ ಅರ್ಧಭಾಗ ಮಾತ್ರ. ನಿಕ್ಷೇಪಶಬ್ದವನ್ನೇ ಪತ್ರದಲ್ಲಿ ಬರೆಯೋಣವೇ ಎಂದರೆ, ಈಗ ಪತ್ರಿಕೆಗಳಲ್ಲಿ ಅದು ಗಣಿಯ ಖನಿಜರಾಶಿಗೆ ಸಲ್ಲುತ್ತಿದೆ. ಠೇವಣಿಯೆಂಬುದು ಸಹಕಾರ ಸಂಘದಿಂದ ಹಳ್ಳಿಗಳಲ್ಲೆಲ್ಲ ತಿಳಿದ ಮಾತು. ಒಡೆತನ ಉಳಿಯುವುದೆಂಬ ಅರ್ಥವು ಅದರಲ್ಲಿ ಸ್ಪಷ್ಟವಾಗಿದ್ದರೂ ಬಡ್ಡಿಯ ಆಸೆಯನ್ನೂ ಹುಟ್ಟಿಸುತ್ತದೆ. ಒತ್ತೆಯೆಂದರೆ ಸಾಲದ ವಾಸನೆ. ಆದಕಾರಣ ಒಂದು ನಾಮಪದಕ್ಕಾಗಿ ಹುಡುಕುವುದಕ್ಕಿಂತ, “ಜೋಪಾನವಾಗಿ ಇಡಲು ಒಪ್ಪಿಸುತ್ತೇನೆ” ಎಂಬ ಕ್ರಿಯಾಪದವೇ ಲೇಸು. ಕನ್ನಡದ ಬಲವು ಬಹುಮಟ್ಟಿಗೆ ಅದರ ಕ್ರಿಯಾಪದಗಳಲ್ಲಿದೆ. ಉದಾಹರಣವಾಕ್ಯವನ್ನು ಹೀಗೆ ತಿದ್ದಬಹುದು:

“ನನ್ನ ರೋಗವನ್ನು ತಿಳಿಯುವುದಕ್ಕಾಗಿ ಶ್ವಾಸಕೋಶದಿಂದ ಒಂದು ತುಣುಕನ್ನು ತೆಗೆಯುತ್ತಾರೆ. ಆ ಪರೀಕ್ಷೆ ಮುಗಿದ ಮೇಲೆ ಉಳಿದ ಚೂರನ್ನು ಮಂಜುಗಡ್ಡೆಗಿಂತಲೂ ಬಹಳ ತಣ್ಣಗಿರುವ ಕಡೆ ಜೋಪಾನವಾಗಿ ಇಡಲು ಒಪ್ಪಿಸುತ್ತೇನೆ. ಅದು ಅಲ್ಲಿ ಹಲವು ವರ್ಷ ಇರಬಹುದು. ನಾನು ತೀರಿಕೊಂಡ ಮೇಲೆಯೂ ಇರಬಹುದು. ಬೇಕಾದಾಗ ಅದನ್ನು ಕರಗಿಸಿದರೆ ಅದರಲ್ಲಿ ಮತ್ತೆ ಜೀವ ಕಾಣುವುದೆಂದು ನನಗೆ ಹೇಳಿದ್ದಾರೆ. ಶ್ವಾಸಕೋಶ ಏಕೆ ನಾರುಗಟ್ಟುತ್ತದೆ, ಅದಕ್ಕೆ ಔಷಧವೇನು ಎಂಬುದನ್ನು ತಿಳಿಯಲು ಮಾತ್ರ ಅದನ್ನು ಬಳಸಬೇಕು. ಇದರಿಂದ ನನ್ನ ರೋಗ ವಾಸಿಯಾಗುವುದೆಂದು ಯಾರೂ ಹೇಳಿಲ್ಲ. ಚೂರು ನನ್ನದೇ, ಇಟ್ಟುಕೊಂಡವರು ಕಾಯುವವರು. ಬೇಡವೆಂದು ತೋರಿದಾಗ ಹಿಂದಕ್ಕೆ ಕೇಳುತ್ತೇನೆ. ಹಾಗೆ ಕೇಳಿದರೂ, ಈಗಲೇ ಒಪ್ಪದಿದ್ದರೂ, ನನ್ನ ಚಿಕಿತ್ಸೆಗೆ ಕೊರತೆಯಾಗುವುದಿಲ್ಲ.”

ಇದು ಉದಾಹರಣವಾಕ್ಯಕ್ಕಿಂತ ಹಲವು ಪಾಲು ಉದ್ದವಾಯಿತು. ಆದರೆ ಆ ವಾಕ್ಯದ ಸಂಕ್ಷೇಪವು ಅರ್ಥವನ್ನು ಬಿಟ್ಟು ಗಳಿಸಿದ ಸಂಕ್ಷೇಪವಾಗಿತ್ತು. ತುಣುಕಿನ ಗುರುತನ್ನು ಅಳಿಸಿಟ್ಟರೆ ಆಮೇಲೆ ಯಾರದೆಂದು ತಿಳಿಯದೆ ಹಿಂದಕ್ಕೆ ಕೊಡಲಾಗದೆಂಬ ವಿಷಯವನ್ನೂ ಅಂಥ ಸಂದರ್ಭದಲ್ಲಿ ಸೇರಿಸತಕ್ಕದ್ದು.

ಸಂಶೋಧನೆಗೆ ಅನುಮತಿ ಕೊಡುವ ನೀತಿಸಮಿತಿಗಳಲ್ಲಿ ವೈದ್ಯರಲ್ಲದ ಸಾಮಾನ್ಯನೊಬ್ಬನಿರಬೇಕೆಂಬ ನಿಯಮವಿದೆ. ಪತ್ರವನ್ನು ಅಚ್ಚುಹಾಕಿಸುವ ಮೊದಲು ಆತನ ಮುಂದೆ ಗಟ್ಟಿಯಾಗಿ ಓದಿ, ಕೇಳಿದ್ದನ್ನು ಆತನ ಮಾತಿನಲ್ಲಿಯೇ ತಿರುಗಿ ಹೇಳಿಸಬೇಕು. ಹೇಳಿದ್ದರಲ್ಲಿ ತಪ್ಪಿದ್ದರೆ ಪತ್ರವನ್ನು ತಿದ್ದಬೇಕೇ ಹೊರತು ಆತನನ್ನಲ್ಲ. ಕನ್ನಡವನ್ನೂ ಧರ್ಮಶಾಸ್ತ್ರವನ್ನೂ ಓದಿದವನೊಬ್ಬನು ಪಕ್ಕದಲ್ಲಿದ್ದರೆ ಇನ್ನೂ ಲೇಸು. ಇದಕ್ಕೆ ಈ ಸೀಮೆಯಲ್ಲಿ ಸಾಮಗ್ರಿಯ ಕೊರತೆಯಿಲ್ಲ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಸಂಸ್ಕೃತ ಸಂಶೋಧನ ಸಂಸತ್ತಿದೆ. ನಾಗಮಂಗಲ ತಾಲ್ಲೂಕಿನಲ್ಲಿ ೧೯೮೬ರಿಂದ ಆದಿಚುಂಚನಗಿರಿ ವೈದ್ಯಕೀಯ ವಿದ್ಯಾಲಯವಿದೆ. ಅದರ ಸಮೀಪದ ಬೆಳ್ಳೂರು, ಕನ್ನಡವು ತಲೆಯೆತ್ತುವ ಬಗೆಯನ್ನು ೧೯೧೧ರಲ್ಲಿ ಧಾರವಾಡದಲ್ಲಿ ವಿವರಿಸಿದ ಬಿ. ಎಂ. ಶ್ರೀಕಂಠಯ್ಯನವರ ಹಿರಿಯರ ಊರು. ಶಾಸ್ತ್ರವನ್ನು ಬಲ್ಲವರಿಗೂ ಶಸ್ತ್ರವನ್ನು ಬಲ್ಲವರಿಗೂ ನಡುವೆ ಇರುವುದು ಒಂದು ಹೊತ್ತಿನ ಬಸ್ಸಿನ ದಾರಿ. ಆ ದಾರಿಯನ್ನು ನಡೆದು ಒಂದು ಪತ್ರವನ್ನು ಕೂಡಿ ತಿದ್ದಿದರೆ, ಉಸಿರಿಗೆ ಕಷ್ಟಪಡುತ್ತ ಹೆಬ್ಬೆಟ್ಟನ್ನು ಮಸಿಗೆ ಅದ್ದುವ ಮನುಷ್ಯನಿಗೆ ತಾನು ಒಪ್ಪಿಸುತ್ತಿರುವುದು ಏನು, ತನ್ನಲ್ಲಿ ಉಳಿಯುವುದು ಏನು ಎಂಬುದು ತಿಳಿಯುತ್ತದೆ.